ಟೊಮೆಟೊ ದರ ಊಹಿಸುವ ಮಾಡೆಲ್ ಶಕ್ತಿ ಯೋಜನೆಯ ಫಲ ಹೇಳೀತೇ?

ಬೆಂಗಳೂರಿನ ಜ್ಞಾನಭಾರತಿ ಆವರಣದೊಳಗೆ ಡಾ. ಬಿ.ಆರ್. ಅಂಬೇಡ್ಕರ್ ಸ್ಕೂಲ್ ಆಫ್ ಎಕನಾಮಿಕ್ಸ್ ವಿಶ್ವವಿದ್ಯಾಲಯವಿದೆ. ಪಕ್ಕದ ನಾಗರಬಾವಿಯಲ್ಲಿ ವಿ.ಕೆ.ಆರ್.ವಿ. ರಾವ್ 1972ರಲ್ಲಿ ಕಟ್ಟಿದ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಸಂಸ್ಥೆ, ಅಂದರೆ ಐಸೆಕ್. ಮೈಸೂರು ರಸ್ತೆಗೆ ಇಳಿದರೆ ಭಾರತೀಯ ಸಾಂಖ್ಯಿಕ ಸಂಸ್ಥೆಯ ಬೆಂಗಳೂರು ಕೇಂದ್ರ. ಅರ್ಥಶಾಸ್ತ್ರ, ಸಮೀಕ್ಷೆ, ಸಂಖ್ಯಾಶಾಸ್ತ್ರ ಮೂರೂ ಕೆಲವೇ ಕಿಲೋಮೀಟರ್ ಅಂತರದಲ್ಲಿರುವ ಊರಿನಲ್ಲಿ ಎಂ.ಎ. ಅರ್ಥಶಾಸ್ತ್ರದ ವಿದ್ಯಾರ್ಥಿಗಳಿಗೆ ಮಷೀನ್ ಲರ್ನಿಂಗ್ (ಡೇಟಾದಿಂದ ಕಂಪ್ಯೂಟರೇ ಕಲಿತು ಊಹಿಸುವ ವಿದ್ಯೆ) ಲ್ಯಾಬ್ ತೆರೆಯುವುದು ದೊಡ್ಡ ಮಾತಲ್ಲ. ಅಲ್ಲಿ ಏನು ಕಲಿಸಬೇಕು ಎಂಬಲ್ಲಿಯೇ ತಕರಾರು.

ಸುಲಭದ ದಾರಿ ಎಂದರೆ ಎಂಜಿನಿಯರಿಂಗ್ ಪಠ್ಯವನ್ನು ಹಾಗೇ ಎತ್ತಿ ತರುವುದು: ಐರಿಸ್ ಹೂವಿನ ಎಸಳಿನ ಅಳತೆ, ಟೈಟಾನಿಕ್ ಪ್ರಯಾಣಿಕರ ಪಟ್ಟಿ, ವಾರಕ್ಕೊಂದು ಅಲ್ಗಾರಿದಂ (ಕಲಿಯುವ ವಿಧಾನ), ಕೊನೆಗೆ ಯಾರ ಮಾಡೆಲ್ (ಡೇಟಾದಿಂದ ಕಲಿತ ಊಹೆಯ ಸೂತ್ರ) ಹೆಚ್ಚು ನಿಖರ ಎಂಬ ಪೈಪೋಟಿ. (ಈ ಸಾಲಿನಲ್ಲಿ ಅರ್ಥಶಾಸ್ತ್ರದ್ದು ಎನ್ನಬಹುದಾಗಿದ್ದ ಬಾಸ್ಟನ್ ಮನೆ ಬೆಲೆಯ ಡೇಟಾವನ್ನು ಜನಾಂಗಕ್ಕೆ ಸಂಬಂಧಿಸಿದ ಒಂದು ಕಲಂನ ಕಾರಣಕ್ಕೆ ಸೈಕಿಟ್-ಲರ್ನ್ ಎಂಬ ಪುಕ್ಕಟೆ ತಂತ್ರಾಂಶ ತನ್ನ 1.2ನೇ ಆವೃತ್ತಿಯಿಂದ ಕೈಬಿಟ್ಟಿತು.) ಹೀಗೆ ಕಲಿತವರಿಗೆ ಕೋಡ್ ಓಡಿಸಲು ಬರುತ್ತದೆ, ಸಂಶೋಧನೆ ಮಾಡಲು ಬರುವುದಿಲ್ಲ. ಅರ್ಥಶಾಸ್ತ್ರದ ಲ್ಯಾಬ್‌ನಲ್ಲಿ ಅಲ್ಗಾರಿದಂಗೆ ಎರಡು ವಾರ ಧಾರಾಳ ಸಾಕು. ಉಳಿದ ಸಮಯ ಎರಡು ಕೆಲಸಕ್ಕೆ ಹೋಗಬೇಕು: ಕೇಳುತ್ತಿರುವ ಪ್ರಶ್ನೆ ಯಾವ ಜಾತಿಯದು ಎಂದು ಗುರುತಿಸುವುದು, ಮತ್ತು ಡೇಟಾವನ್ನು ಕಲಿಕೆಗೆಂದೂ ಪರೀಕ್ಷೆಗೆಂದೂ ಸರಿಯಾಗಿ ಪಾಲು ಮಾಡುವುದು. ಲ್ಯಾಬ್‌ಗಳಲ್ಲಿ ಹುಟ್ಟುವ ತಪ್ಪು ಫಲಿತಾಂಶಗಳಲ್ಲಿ ಹೆಚ್ಚಿನವು ಈ ಎರಡರಲ್ಲೊಂದು ಜಾಗದಲ್ಲಿ ಹುಟ್ಟುತ್ತವೆ.

ಪ್ರಶ್ನೆಯ ಜಾತಿಯ ಮಾತು. ನಾಳೆ ಮಳೆ ಬರುತ್ತದೆಯೇ ಎಂದು ಗೊತ್ತಾದರೆ ಕೊಡೆ ಹಿಡಿಯಬೇಕೋ ಬೇಡವೋ ಎಂದು ತೀರ್ಮಾನಿಸಬಹುದು. ಮಳೆ ಯಾಕೆ ಬರುತ್ತದೆ ಎಂದು ತಿಳಿಯಬೇಕಿಲ್ಲ. ಆದರೆ ಊರವರು ಸೇರಿ ಕಪ್ಪೆ ಮದುವೆ ಮಾಡಿಸಬೇಕೋ ಬೇಡವೋ ಎಂದರೆ, ಕಪ್ಪೆ ಮದುವೆಯಿಂದ ಮಳೆ ಬರುತ್ತದೆಯೇ ಎಂಬುದು ಗೊತ್ತಿರಲೇಬೇಕು. ಕ್ಲೈನ್‌ಬರ್ಗ್, ಲುಡ್ವಿಗ್, ಮುಲ್ಲೈನಾಥನ್ ಮತ್ತು ಓಬರ್‌ಮೇಯರ್ 2015ರಲ್ಲಿ ಅರ್ಥಶಾಸ್ತ್ರಜ್ಞರ ಮುಂದಿಟ್ಟ ಭೇದ ಇದೇ; ಅವರು ಹೇಳಿದ್ದು ಕಪ್ಪೆಯನ್ನಲ್ಲ, ಮಳೆ ಕರೆಯುವ ಕುಣಿತವನ್ನು. ಮಷೀನ್ ಲರ್ನಿಂಗ್ ಮೂಲತಃ ಕೊಡೆಯ ಪ್ರಶ್ನೆಗೆ ಉತ್ತರಿಸುವ ವಿದ್ಯೆ. ಸರ್ಕಾರದ ಯೋಜನೆಗಳ ಬಗ್ಗೆ ನಾವು ಕೇಳುವುದು ಬಹುಪಾಲು ಎರಡನೆಯ ಜಾತಿಯ ಪ್ರಶ್ನೆ.

ಮೊದಲ ಐದು ವಾರ: ಮಾಡೆಲ್ ಇಲ್ಲ

ಲ್ಯಾಬ್‌ಗೆ ತಕ್ಕ ಡೇಟಾ ನಮ್ಮಲ್ಲೇ ಇದೆ, ಅದೂ ಪುಕ್ಕಟೆ. ಕೇಂದ್ರ ಅಂಕಿಅಂಶ ಸಚಿವಾಲಯದ ನಿಯತಕಾಲಿಕ ಕಾರ್ಮಿಕ ಬಲ ಸಮೀಕ್ಷೆ, ಎಲ್ಲರ ಬಾಯಲ್ಲಿ ಪಿಎಲ್‌ಎಫ್‌ಎಸ್, 2017ರ ಏಪ್ರಿಲ್‌ನಿಂದ ನಡೆಯುತ್ತಿದೆ. 2023-24ರವರೆಗೂ ವರ್ಷಕ್ಕೆ ಸುಮಾರು ಒಂದು ಲಕ್ಷ ಕುಟುಂಬ, ನಾಲ್ಕು ಲಕ್ಷಕ್ಕೂ ಹೆಚ್ಚು ಜನರ ಮಾಹಿತಿ ಇದರಲ್ಲಿ ಸಿಗುತ್ತದೆ. ಆದರೆ ಫೈಲ್ ತೆರೆದರೆ ಕಾಣುವುದು ಅಲ್ಪವಿರಾಮವೂ ಇಲ್ಲದ, ತಲೆಬರಹವೂ ಇಲ್ಲದ ಅಂಕೆಗಳ ಸಾಲು. ಒಂದು ಸಾಲು ಒಬ್ಬ ವ್ಯಕ್ತಿ. ಎಷ್ಟನೇ ಅಕ್ಷರದಿಂದ ಎಷ್ಟನೆಯದರವರೆಗೆ ವಯಸ್ಸು, ಎಲ್ಲಿಂದ ಎಲ್ಲಿಗೆ ಶಿಕ್ಷಣ ಎಂಬುದು ಬೇರೆ ಲೇಔಟ್ ಫೈಲ್‌ನಲ್ಲಿರುತ್ತದೆ. ಒಂದಕ್ಷರ ಆಚೀಚೆಯಾದರೂ ಕೋಡ್ ದೂರು ಹೇಳುವುದಿಲ್ಲ. ಅಂಕೆಗಳು ಅಂಕೆಗಳಾಗಿಯೇ ಬರುತ್ತವೆ, ಅರ್ಥ ಮಾತ್ರ ಕೆಡುತ್ತದೆ. ಆದ್ದರಿಂದ ಎಲ್ಲ ಕಲಂಗಳನ್ನೂ ಮೊದಲು ಅಕ್ಷರವಾಗಿಯೇ ಓದಿಸಬೇಕು, ಸಂಖ್ಯೆಯಾಗಿ ಆಮೇಲೆ. ಸಂಖ್ಯೆಯಾಗಿ ಓದಿಸಿದರೆ 02 ಎಂಬ ರಾಜ್ಯದ ಕೋಡ್ ಬರೀ 2 ಆಗಿ, ಕುಟುಂಬದ ಕೀಲಿ ಒಂದಕ್ಕೊಂದು ಹೊಂದದೆ, ಮನೆಯ ಫೈಲಿಗೂ ವ್ಯಕ್ತಿಯ ಫೈಲಿಗೂ ಜೋಡಣೆ ತಪ್ಪುತ್ತದೆ. ಕರ್ನಾಟಕದ ಕೋಡ್ 29 ಆದ್ದರಿಂದ ನಮ್ಮ ರಾಜ್ಯವನ್ನಷ್ಟೇ ನೋಡುವವರಿಗೆ ಈ ತಪ್ಪು ಗೊತ್ತೇ ಆಗುವುದಿಲ್ಲ.

ಮುಂದಿನದು ಮಲ್ಟಿಪ್ಲೈಯರ್. ಸಮೀಕ್ಷೆಯ ಪ್ರತಿ ಸಾಲೂ ಎಷ್ಟು ಜನರನ್ನು ಪ್ರತಿನಿಧಿಸುತ್ತದೆ ಎಂಬ ತೂಕ ಅದು. 2025ಕ್ಕೆ ಮುಂಚಿನ ಹಳೆಯ ವಿನ್ಯಾಸದ ಫೈಲುಗಳಲ್ಲಿ ಎನ್‌ಎಸ್‌ಎಸ್, ಎನ್‌ಎಸ್‌ಸಿ ಎಂಬ ಎರಡು ಕಲಂಗಳ (ಒಂದು ಉಪಮಾದರಿಯ ಹಳ್ಳಿ-ಬ್ಲಾಕುಗಳ ಎಣಿಕೆ, ಎರಡೂ ಉಪಮಾದರಿ ಸೇರಿದ ಎಣಿಕೆ) ಬೆಲೆ ಸಮವಾಗಿದ್ದರೆ ಮಲ್ಟಿಪ್ಲೈಯರನ್ನು 100ರಿಂದ ಭಾಗಿಸಬೇಕು, ಇಲ್ಲದಿದ್ದರೆ 200ರಿಂದ. ಇಡೀ ವರ್ಷದ ಫೈಲಾದರೆ ತ್ರೈಮಾಸಿಕಗಳ ಸಂಖ್ಯೆಯಿಂದ ಮತ್ತೊಮ್ಮೆ ಭಾಗಿಸಬೇಕು. 100, 200 ಎಂಬುದು ಎರಡು ಉಪಮಾದರಿಗಳ ಸರಾಸರಿ ತೆಗೆಯುವ ಲೆಕ್ಕ. ತ್ರೈಮಾಸಿಕದ ಭಾಗಾಕಾರ ಬಿಟ್ಟರೆ ದೇಶದ ಜನಸಂಖ್ಯೆ ನಾಲ್ಕು ಪಟ್ಟಾಗುತ್ತದೆ. ಪ್ರಮಾಣ ಲೆಕ್ಕ ಹಾಕುವವರಿಗೆ ಅದು ಕಣ್ಣಿಗೆ ಬೀಳುವುದಿಲ್ಲ, ಒಟ್ಟು ಲೆಕ್ಕ ಹಾಕುವವರಿಗೆ ಬೀಳುತ್ತದೆ.

ಹಾಗಾಗಿ ನಿಯಮ ಒಂದೇ ಇರಲಿ: ಕರ್ನಾಟಕದ 15 ವರ್ಷ ಮೇಲ್ಪಟ್ಟ ಮಹಿಳೆಯರ ಕಾರ್ಮಿಕ ಭಾಗವಹಿಸುವಿಕೆ ದರ, ಗ್ರಾಮೀಣ ಮತ್ತು ನಗರ ಪ್ರತ್ಯೇಕವಾಗಿ, ವಾರ್ಷಿಕ ವರದಿಯ ಕೋಷ್ಟಕದಲ್ಲಿರುವ ಅಂಕಿಗೆ ದಶಾಂಶದ ಒಂದು ಸ್ಥಾನದವರೆಗೆ ಹೊಂದುವ ತನಕ ಯಾರೂ ಮಾಡೆಲ್ ಮುಟ್ಟಕೂಡದು. ಬೇಸರದ ಕೆಲಸ, ನಿಜ. ಆದರೆ ವಿದ್ಯಾರ್ಥಿಗಳಿಗೆ ಸಮೀಕ್ಷೆಯ ಒಳಗು ಅರ್ಥವಾಗುವುದು ಇಲ್ಲೇ. ಉದಾಹರಣೆಗೆ ಸ್ಥಿತಿಯ ಕೋಡ್ 21 ಎಂದರೆ ಮನೆಯ ಉದ್ಯಮದಲ್ಲಿ, ಹೊಲದಲ್ಲಿ ಸಂಬಳವಿಲ್ಲದೆ ದುಡಿಯುವವರು. 92 ಎಂದರೆ ಮನೆಗೆಲಸ ಮಾತ್ರ. ಬೆಳಿಗ್ಗೆ ಹಸು ಕರೆದು, ಮಧ್ಯಾಹ್ನ ಕಳೆ ಕಿತ್ತು, ಸಂಜೆ ಅಡಿಗೆ ಮಾಡುವ ಹೆಂಗಸು ಎರಡರಲ್ಲಿ ಯಾವ ಕೋಡಿಗೆ ಬೀಳುತ್ತಾಳೆ ಎಂಬುದು ಪ್ರಶ್ನೆ ಕೇಳುವವರು ಹೇಗೆ ಕೆದಕಿ ಕೇಳಿದರು ಎಂಬುದರ ಮೇಲೂ ನಿಂತಿದೆ. ಒಂದು ಕೋಡಿನಲ್ಲಿ ಅವಳು ದುಡಿಮೆಗಾರ್ತಿ, ಇನ್ನೊಂದರಲ್ಲಿ ಅಲ್ಲ. ಮಾಡೆಲ್ ಕಲಿಯುವುದು ಆ ಹೆಂಗಸಿನ ದಿನಚರಿಯನ್ನಲ್ಲ, ಫಾರಂನಲ್ಲಿ ಬಿದ್ದ ಕೋಡನ್ನು.

ಊರಿನ ಹೆಸರುಗಳದ್ದು ಇನ್ನೊಂದು ಗೋಳು. 2011ರ ಜನಗಣತಿಯಲ್ಲಿ ರಾಜ್ಯಕ್ಕೆ 30 ಜಿಲ್ಲೆ. 2021ರಲ್ಲಿ ಬಳ್ಳಾರಿಯಿಂದ ವಿಜಯನಗರ ಒಡೆದು 31. ಅದಕ್ಕೂ ಮೊದಲು 2014ರ ನವೆಂಬರ್ 1ರಂದು 12 ಊರುಗಳ ಅಧಿಕೃತ ಇಂಗ್ಲಿಷ್ ಹೆಸರು ಬದಲಾದವು: ಬೆಲ್ಗಾಂ ಬೆಳಗಾವಿಯಾಯಿತು, ಗುಲ್ಬರ್ಗ ಕಲಬುರಗಿಯಾಯಿತು, ಬಿಜಾಪುರ ವಿಜಯಪುರವಾಯಿತು. ಬೇರೆಬೇರೆ ವರ್ಷದ ಫೈಲುಗಳನ್ನು ಹೆಸರಿನ ಹೋಲಿಕೆಯ ಮೇಲೆ ಜೋಡಿಸುವ ಫಜಿ ಮ್ಯಾಚಿಂಗ್‌ಗೆ ಬಿಟ್ಟರೆ ಹಳೆಯ ಬಿಜಾಪುರ ನೇರ ಹೋಗಿ ಛತ್ತೀಸ್‌ಗಢದ ಬಿಜಾಪುರ ಜಿಲ್ಲೆಗೆ ಅಂಟಿಕೊಳ್ಳುತ್ತದೆ, ಅದೂ ನೂರಕ್ಕೆ ನೂರು ಹೋಲಿಕೆಯೊಂದಿಗೆ. ಹೆಸರಿನ ಮೇಲೆ ಜೋಡಿಸುವ ಮೊದಲು ರಾಜ್ಯದ ಕೋಡಿನೊಳಗೆ ಕಟ್ಟಿಹಾಕಬೇಕು. ಒಡೆದ ಜಿಲ್ಲೆಗಳನ್ನು ಹಳೆಯ ಗಡಿಗೆ ಮರಳಿ ಸೇರಿಸಿ ಹೋಲಿಸಬೇಕು. ಕೈಯಿಂದ ಮಾಡುವ ಕೆಲಸ ಇದು, ಮೂವತ್ತು ಸಾಲಿನ ಪಟ್ಟಿ ಅಷ್ಟೆ.

ಪಾಲು ಮಾಡುವುದರಲ್ಲೇ ಸೋರಿಕೆ

ಎಲ್ಲ ಪಾಠಗಳಲ್ಲೂ ಒಂದು ಸಾಲು ಇರುತ್ತದೆ: ಡೇಟಾದ ನೂರಕ್ಕೆ 80 ಭಾಗದಲ್ಲಿ ಕಲಿಸಿ, 20 ಭಾಗದಲ್ಲಿ ಪರೀಕ್ಷಿಸಿ. ಸಾಲುಗಳು ಒಂದಕ್ಕೊಂದು ಸಂಬಂಧವಿಲ್ಲದವಾದರೆ ಸರಿ. ಸಮೀಕ್ಷೆಯಲ್ಲಿ ಹಾಗಿರುವುದಿಲ್ಲ. ಪಿಎಲ್‌ಎಫ್‌ಎಸ್‌ನ ಹಳೆಯ ವಿನ್ಯಾಸದಲ್ಲಿ ಒಂದು ಹಳ್ಳಿಯೋ ನಗರದ ಒಂದು ಬ್ಲಾಕೋ ಆಯ್ಕೆಯಾಗಿ ಅಲ್ಲಿಂದ 8 ಕುಟುಂಬ ಬರುತ್ತವೆ. ನಗರದ ಕುಟುಂಬಗಳಿಗಂತೂ ಮೂರು ತಿಂಗಳಿಗೊಮ್ಮೆಯಂತೆ ನಾಲ್ಕು ಸಲ ಭೇಟಿ. ನಾಲ್ಕೂ ಭೇಟಿಯ ಸಾಲುಗಳನ್ನು ಒಂದೇ ರಾಶಿ ಹಾಕಿ ಕಣ್ಣುಮುಚ್ಚಿ 80-20 ಮಾಡಿದರೆ ಏನಾಗುತ್ತದೆ? ಪರೀಕ್ಷೆಗೆ ಬಿದ್ದ ಒಂದು ಸಾಲಿನ ವ್ಯಕ್ತಿಯ ಉಳಿದ ಮೂರು ಸಾಲುಗಳೂ ಪರೀಕ್ಷೆಯ ಪಾಲಿಗೇ ಬೀಳುವ ಸಾಧ್ಯತೆ 0.2 × 0.2 × 0.2, ಅಂದರೆ 0.008. ಹಾಗೆಂದರೆ ಪರೀಕ್ಷೆಯ ಸಾಲುಗಳಲ್ಲಿ ನೂರಕ್ಕೆ 99ಕ್ಕೂ ಹೆಚ್ಚು ಮಂದಿಯನ್ನು ಮಾಡೆಲ್ ಕಲಿಯುವಾಗಲೇ ಒಮ್ಮೆಯಾದರೂ ನೋಡಿರುತ್ತದೆ. ರ್ಯಾಂಡಮ್ ಫಾರೆಸ್ಟ್‌ಗೆ (ಹೌದು-ಅಲ್ಲ ಪ್ರಶ್ನೆಗಳ ಹಲವು ‘ಮರ’ಗಳ ಊಹೆಯ ಸರಾಸರಿ ತೆಗೆಯುವ ವಿಧಾನ) ವಯಸ್ಸು, ಶಿಕ್ಷಣ, ಮನೆಯ ಖರ್ಚು, ಕುಟುಂಬದ ಗಾತ್ರ ಸೇರಿದರೆ ವ್ಯಕ್ತಿಯ ಗುರುತು ಹಿಡಿಯುವುದು ಕಷ್ಟವಲ್ಲ. ನಿಖರತೆ ಏರುತ್ತದೆ, ವಿದ್ಯಾರ್ಥಿ ಹಿಗ್ಗುತ್ತಾನೆ, ಹೊಸ ಹಳ್ಳಿಯ ಡೇಟಾ ಕೊಟ್ಟ ದಿನ ಎಲ್ಲ ಕುಸಿಯುತ್ತದೆ.

ಪರಿಹಾರ ಒಂದೇ ಸಾಲಿನ ಕೋಡ್: ಸಾಲುಗಳನ್ನಲ್ಲ, ಹಳ್ಳಿ ಮತ್ತು ಬ್ಲಾಕುಗಳನ್ನು ಪಾಲು ಮಾಡುವುದು. ಸೈಕಿಟ್-ಲರ್ನ್‌ನಲ್ಲಿ ಇದಕ್ಕೆ ಗ್ರೂಪ್‌ಕೆಫೋಲ್ಡ್ ಇದೆ. ಗುಂಪಿನ ಜಾಗದಲ್ಲಿ ಎಫ್‌ಎಸ್‌ಯು ಸಂಖ್ಯೆ (ಆಯ್ಕೆಯಾದ ಹಳ್ಳಿ ಅಥವಾ ಬ್ಲಾಕಿನ ಗುರುತು) ಕೊಟ್ಟರೆ ಆಯಿತು. ಖಾಲಿ ಜಾಗಕ್ಕೆ ಸರಾಸರಿ ತುಂಬುವುದು, ಅಳತೆ ಸಮ ಮಾಡುವುದು, ಯಾವ ಕಲಂ ಉಳಿಯಬೇಕೆಂದು ಆರಿಸುವುದು ಇವೂ ಕಲಿಕೆಯ ಪಾಲಿನೊಳಗೇ ನಡೆಯಬೇಕು, ಇಡೀ ಡೇಟಾದ ಮೇಲೆ ಮೊದಲೇ ಮಾಡಿಟ್ಟುಕೊಳ್ಳುವಂತಿಲ್ಲ. ಇಂಥ ಸೋರಿಕೆಯಿಂದ, ಅಂದರೆ ಪರೀಕ್ಷೆಯ ಮಾಹಿತಿ ಕಲಿಕೆಗೆ ಸೋರಿದ್ದರಿಂದ, ಫಲಿತಾಂಶ ಉಬ್ಬಿದ ಪ್ರಬಂಧಗಳನ್ನು ಕಂಪ್ಯೂಟರ್ ವಿಜ್ಞಾನಿಗಳಾದ ಕಪೂರ್ ಮತ್ತು ನಾರಾಯಣನ್ 2023ರಲ್ಲಿ ಲೆಕ್ಕ ಹಾಕಿದಾಗ 17 ಕ್ಷೇತ್ರಗಳಲ್ಲಿ ಮುನ್ನೂರರ ಹತ್ತಿರ ಸಿಕ್ಕವು. ಆ ಪ್ರಬಂಧ ಬರೆದವರೆಲ್ಲ ವಿದ್ಯಾರ್ಥಿಗಳಲ್ಲ.

ನಿಖರತೆ ಎಂಬ ಅಳತೆಯೂ ಮೋಸದ್ದೇ. ನೂರು ಹೆಂಗಸರಲ್ಲಿ 70 ಮಂದಿ ದುಡಿಮೆಯ ಲೆಕ್ಕದಲ್ಲಿ ಇಲ್ಲದಿದ್ದರೆ, ಎಲ್ಲರಿಗೂ ‘ಇಲ್ಲ’ ಎನ್ನುವ ಮಾಡೆಲ್‌ಗೂ 70 ಅಂಕ. ಅಳತೆ ಲೆಕ್ಕ ಹಾಕುವಾಗ ಮಲ್ಟಿಪ್ಲೈಯರ್ ಸೇರಿಸಬೇಕು ಎಂಬುದು ಇಲ್ಲಿ ಮತ್ತೆ ನೆನಪಾಗಬೇಕು. ಕಲಿಸುವಾಗ ತೂಕ ಬೇಕೋ ಬೇಡವೋ ಎಂಬುದಕ್ಕೆ ಎರಡೂ ಕಡೆ ವಾದವಿದೆ. ಪರೀಕ್ಷಿಸುವಾಗ ಬೇಕೇ ಬೇಕು.

ಉಪಗ್ರಹ ಚಿತ್ರದಿಂದ ಬಡತನ ಅಳೆಯುವುದು ವಿದ್ಯಾರ್ಥಿಗಳಿಗೆ ಬಲು ಇಷ್ಟದ ಪ್ರಾಜೆಕ್ಟ್. 2016ರಲ್ಲಿ ಆಫ್ರಿಕಾದ ಐದು ದೇಶಗಳ ಮೇಲೆ ನಡೆದ ಅಧ್ಯಯನ ಪ್ರಕಟವಾದ ಮೇಲೆ ಅದಕ್ಕೆ ಭಾರೀ ಬೇಡಿಕೆ. ಭಾರತದಲ್ಲಿ ಮಾಡಹೊರಟರೆ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಊರುಗಳ ಸ್ಥಾನ ಸಿಗುತ್ತದೆ, ಆದರೆ ಗುರುತು ಮರೆಸಲೆಂದು ಆ ಸ್ಥಾನವನ್ನು ನಗರದಲ್ಲಿ 2 ಕಿಲೋಮೀಟರ್‌ವರೆಗೆ, ಹಳ್ಳಿಯಲ್ಲಿ ಸಾಮಾನ್ಯವಾಗಿ 5 ಕಿಲೋಮೀಟರ್‌ವರೆಗೆ ಬೇಕೆಂದೇ ಸರಿಸಿರುತ್ತಾರೆ. ಬೆಂಗಳೂರಿನಲ್ಲಿ 2 ಕಿಲೋಮೀಟರ್ ಎಂದರೆ ಕೊಳೆಗೇರಿಯಿಂದ ಗಾಲ್ಫ್ ಮೈದಾನ. ಸಣ್ಣ ಚಿತ್ರದ ತುಣುಕು ತೆಗೆದುಕೊಂಡರೆ ಬೇರೆಯವರ ಮನೆಯ ಚಾವಣಿ ನೋಡಿ ಇವರ ಆಸ್ತಿ ಊಹಿಸಿದಂತಾಗುತ್ತದೆ. ರಾತ್ರಿ ಬೆಳಕಿನ ಚಿತ್ರಗಳಲ್ಲಿ ಇನ್ನೊಂದು ಬಲೆ: 2013ಕ್ಕೆ ನಿಂತ ಹಳೆಯ ಡಿಎಂಎಸ್‌ಪಿ ಉಪಗ್ರಹ ಸರಣಿಯಲ್ಲಿ ಬೆಳಕಿನ ಅಳತೆ 63ಕ್ಕೆ ಮುಗಿಯುತ್ತದೆ, ನಗರದ ನಡುಭಾಗವೆಲ್ಲ ಆ ಮಿತಿಗೇ ತಾಗಿ ನಿಲ್ಲುತ್ತದೆ. ಈಗಿನ ವಿಐಐಆರ್‌ಎಸ್ ಸೆನ್ಸರ್‌ಗೆ ನೀಲಿ ಬೆಳಕು ಕಾಣದು. ಹಳದಿ ಸೋಡಿಯಂ ದೀಪ ತೆಗೆದು ಬಿಳಿ ಎಲ್‌ಇಡಿ ಹಾಕಿದ ಬೀದಿ ಅದರ ಕಣ್ಣಿಗೆ ಮಂಕಾದಂತೆ ತೋರಬಹುದು.

ಕೋಲಾರದ ಟೊಮೆಟೊ

ಕೊಡೆಯ ಜಾತಿಯ ಪ್ರಶ್ನೆಗೆ ಕೋಲಾರ ಎಪಿಎಂಸಿಗಿಂತ ಒಳ್ಳೆಯ ಪಾಠ ಸಿಗದು. ಕೇಂದ್ರ ಸರ್ಕಾರದ ಮಾರುಕಟ್ಟೆ ದರದ ತಾಣವಾದ ಅಗ್‌ಮಾರ್ಕ್‌ನೆಟ್‌ನಲ್ಲಿ ದಿನದ ಆವಕ, ಕನಿಷ್ಠ, ಗರಿಷ್ಠ ಮತ್ತು ಮೋಡಲ್ (ಹೆಚ್ಚು ವಹಿವಾಟು ನಡೆದ) ಧಾರಣೆ ಕ್ವಿಂಟಾಲ್ ಲೆಕ್ಕದಲ್ಲಿ ಸಿಗುತ್ತವೆ. ಮಾರುಕಟ್ಟೆಯಲ್ಲಿ ಹರಾಜು ಕೂಗುವುದು 15 ಕೆ.ಜಿ. ಬಾಕ್ಸಿನ ಲೆಕ್ಕದಲ್ಲಿ. ಬಾಕ್ಸಿನ ದರ ಕ್ವಿಂಟಾಲ್ ಕಲಂನಲ್ಲಿ ಬಿದ್ದರೆ ಅಂಕಿ 6.67 ಪಟ್ಟು ಕಡಿಮೆ ಕಾಣುತ್ತದೆ. ಆದ್ದರಿಂದ ಹಿಂದಿನ ದಿನದ ಧಾರಣೆಯನ್ನು ಇಂದಿನದರಿಂದ ಭಾಗಿಸಿ 6ರಿಂದ 7ರ ನಡುವೆ ಬಂದ ದಿನಗಳನ್ನು ಬೇರೆ ತೆಗೆದು ನೋಡಬೇಕು. ಕನಿಷ್ಠ ಗರಿಷ್ಠಕ್ಕಿಂತ ಹೆಚ್ಚಿರುವ ಸಾಲು, ಒಂದೇ ದಿನ ಎರಡು ಸಲ ಬಂದ ಸಾಲು, ಇವನ್ನು ಹುಡುಕುವುದು ಐದು ನಿಮಿಷದ ಕೆಲಸ.

ಸೋರಿಕೆ ಇಲ್ಲಿ ಮೂರು ದಾರಿಯಲ್ಲಿ ಬರುತ್ತದೆ. ಅದೇ ದಿನದ ಕನಿಷ್ಠ, ಗರಿಷ್ಠ ದರ ಕೊಟ್ಟು ಮೋಡಲ್ ದರ ಊಹಿಸುವುದು ಒಂದು. ಅದು ಊಹೆಯೇ ಅಲ್ಲ. ರಜೆಯ ದಿನಗಳ ಖಾಲಿ ಜಾಗವನ್ನು ಎರಡೂ ಬದಿಯ ದರದ ನಡುವೆ ಗೆರೆ ಎಳೆದು ತುಂಬುವುದು ಎರಡನೆಯದು. ಆ ಗೆರೆಯಲ್ಲಿ ನಾಳಿನ ದರ ಅಡಗಿರುತ್ತದೆ, ಹಿಂದಿನ ದರವನ್ನೇ ಮುಂದುವರಿಸಿ ತುಂಬಬೇಕು. ಮೂರನೆಯದು ಕಣ್ಣಿಗೆ ಬೀಳದ್ದು. ರೈತನಿಗೆ ನಾಳಿನ ದರ ಗೊತ್ತಾದರೆ ಹೆಚ್ಚೇನೂ ಉಪಯೋಗವಿಲ್ಲ. ಸಸಿ ನಾಟಿ ಮಾಡಬೇಕೋ ಬೇಡವೋ ಎಂದು ತೀರ್ಮಾನಿಸಲು 60–70 ದಿನ ಮುಂದಿನ ದರ ಬೇಕು. 60 ದಿನ ಮುಂದಿನದನ್ನು ಊಹಿಸುವ ಮಾಡೆಲ್ ಕಲಿಸುವಾಗ, ಊಹೆ ಹೇಳುವ ದಿನಕ್ಕಿಂತ ಹಿಂದಿನ 60 ದಿನಗಳ ಸಾಲುಗಳಿಗೆ ಉತ್ತರ ಇನ್ನೂ ಬಂದಿರುವುದಿಲ್ಲ. ಅವನ್ನು ಕಲಿಕೆಯಿಂದ ಕಿತ್ತು ಹಾಕದಿದ್ದರೆ ಭವಿಷ್ಯ ಹಿಂಬಾಗಿಲಿನಿಂದ ಒಳಗೆ ಬಂದಂತೆ.

ಪರೀಕ್ಷೆಯನ್ನು ಉರುಳುತ್ತ ಹೋಗುವಂತೆ ಇಡಬೇಕು: 2021ರ ಡಿಸೆಂಬರ್‌ವರೆಗೆ ಕಲಿಸಿ 2022ರ ಜನವರಿ ಊಹಿಸಿ, ಜನವರಿಯನ್ನು ಸೇರಿಸಿ ಫೆಬ್ರವರಿ ಊಹಿಸಿ, ಹೀಗೆ 2023ರ ಡಿಸೆಂಬರ್‌ವರೆಗೆ 24 ಪರೀಕ್ಷೆ. ಪ್ರತಿ ಸಲವೂ ಎದುರಾಳಿ ಒಬ್ಬನೇ: ಇಂದಿನ ದರವೇ ಮುಂದೆಯೂ ಇರುತ್ತದೆ ಎನ್ನುವ ಸೋಮಾರಿ ಊಹೆ. ಮಾಡೆಲ್‌ನ ಸರಾಸರಿ ತಪ್ಪನ್ನು ಸೋಮಾರಿಯ ಸರಾಸರಿ ತಪ್ಪಿನಿಂದ ಭಾಗಿಸಿದಾಗ 1ಕ್ಕಿಂತ ಕಡಿಮೆ ಬಂದರೆ ಮಾತ್ರ ಮಾಡೆಲ್ ಏನೋ ಕಲಿತಿದೆ. ಒಂದು ದಿನ ಮುಂದಿನ ಊಹೆಯಲ್ಲಿ ಈ ಸೋಮಾರಿಯನ್ನು ಸೋಲಿಸುವುದು ಬಲು ಕಷ್ಟ. ವಿನಿಮಯ ದರದ ವಿಷಯದಲ್ಲಿ ಅರ್ಥಶಾಸ್ತ್ರಜ್ಞರಾದ ಮೀಸ್ ಮತ್ತು ರೋಗಾಫ್ 1983ರಲ್ಲೇ ತೋರಿಸಿದ ಸಂಗತಿ ಇದು; ಮಾಡೆಲ್‌ಗಳು ಬದಲಾದರೂ ಎದುರಾಳಿ ಬದಲಾಗಿಲ್ಲ.

2023ರ ಜುಲೈಯಲ್ಲಿ ಟೊಮೆಟೊ ಕೆ.ಜಿ.ಗೆ ನೂರು ರೂಪಾಯಿ ದಾಟಿದ್ದು ಎಲ್ಲರ ಅಡಿಗೆಮನೆಗೂ ನೆನಪಿದೆ. ಮರಗಳ ಮೇಲೆ ನಿಂತ ಮಾಡೆಲ್‌ಗಳು, ರ್ಯಾಂಡಮ್ ಫಾರೆಸ್ಟ್ ಆಗಲಿ ಒಂದು ಮರದ ತಪ್ಪನ್ನು ಮುಂದಿನ ಮರ ತಿದ್ದುವ ಸಾಮಾನ್ಯ ಗ್ರೇಡಿಯೆಂಟ್ ಬೂಸ್ಟಿಂಗ್ ಆಗಲಿ, ಅಲ್ಲಿ ಮುಗ್ಗರಿಸಲು ಒಂದು ನಿರ್ದಿಷ್ಟ ಕಾರಣವಿದೆ. ಫಾರೆಸ್ಟ್‌ನ ಮರದ ಪ್ರತಿ ಎಲೆಯಲ್ಲಿ ಇರುವುದು ಕಲಿತ ದರಗಳ ಸರಾಸರಿ. ಕಲಿಕೆಯಲ್ಲಿ ಕಂಡ ಅತಿ ಹೆಚ್ಚಿನ ದರ ಕ್ವಿಂಟಾಲಿಗೆ 6,000 ರೂಪಾಯಿ ಎಂದಿಟ್ಟುಕೊಳ್ಳಿ, ಫಾರೆಸ್ಟ್ ಅದಕ್ಕಿಂತ ಒಂದು ರೂಪಾಯಿ ಹೆಚ್ಚು ಹೇಳಲಾರದು. ದರವನ್ನೇ ಊಹಿಸುವ ಬದಲು ದರದ ಶೇಕಡಾ ಬದಲಾವಣೆ ಊಹಿಸಿದರೆ ಈ ಗೋಡೆ ತಕ್ಕಮಟ್ಟಿಗೆ ಒಡೆಯುತ್ತದೆ. ಬೆಳೆಗೆ ವೈರಸ್ ಬಿದ್ದಿದೆ ಎಂಬ ಸುದ್ದಿ ಯಾವ ಕಲಂನಲ್ಲೂ ಇಲ್ಲದಿದ್ದರೆ ಅದರಿಂದಲೂ ಪ್ರಯೋಜನವಿಲ್ಲ, ಅದು ಬೇರೆ ಮಾತು.

ಶಕ್ತಿ ಯೋಜನೆ: ಯಂತ್ರ ತಡವರಿಸುವ ಜಾಗ

ಈಗ ಎರಡನೆಯ ಜಾತಿಯ ಪ್ರಶ್ನೆ. 2023ರ ಜೂನ್ 11ರಿಂದ ಕರ್ನಾಟಕದ ಮಹಿಳೆಯರಿಗೆ ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ಪ್ರಯಾಣ ಉಚಿತ. ಇದರಿಂದ ಹೆಚ್ಚು ಮಹಿಳೆಯರು ಕೆಲಸಕ್ಕೆ ಹೋಗುವಂತಾಯಿತೇ? ಮೇಲ್ನೋಟಕ್ಕೆ ಪಿಎಲ್‌ಎಫ್‌ಎಸ್ ಈ ಪ್ರಶ್ನೆಗೆಂದೇ ಹೊಲಿಸಿದಂತಿದೆ. ಆಗ ಸಮೀಕ್ಷೆಯ ವರ್ಷ ಜುಲೈಯಿಂದ ಜೂನ್. 2022-23 ಬಹುತೇಕ ಯೋಜನೆಗೆ ಮೊದಲು, 2023-24 ಪೂರ್ತಿ ಯೋಜನೆಯ ನಂತರ.

ಮೊದಲ ಹಳ್ಳ ಇಲ್ಲೇ ಇದೆ. ವರದಿಗಳಲ್ಲಿ ಹೆಚ್ಚು ಉಲ್ಲೇಖವಾಗುವ ‘ಸಾಮಾನ್ಯ ಸ್ಥಿತಿ’ ಕಳೆದ 365 ದಿನಗಳ ಲೆಕ್ಕ. 2023ರ ಸೆಪ್ಟೆಂಬರ್‌ನಲ್ಲಿ ಪ್ರಶ್ನೆ ಕೇಳಿಸಿಕೊಂಡ ಮಹಿಳೆಯ ಉತ್ತರದಲ್ಲಿ ಒಂಬತ್ತು ತಿಂಗಳು ಯೋಜನೆಗೆ ಮೊದಲಿನದು. ಆದ್ದರಿಂದ ಬಳಸಬೇಕಾದದ್ದು ಕಳೆದ 7 ದಿನಗಳ ‘ಪ್ರಸ್ತುತ ವಾರದ ಸ್ಥಿತಿ’.

ಎರಡನೆಯದು ಹೋಲಿಕೆ. ಕರ್ನಾಟಕವನ್ನು ಯಾರ ಪಕ್ಕ ನಿಲ್ಲಿಸುವುದು? ತಮಿಳುನಾಡಿನಲ್ಲಿ 2021ರ ಮೇಯಿಂದಲೇ ನಗರದ ಸಾಮಾನ್ಯ ಬಸ್ಸುಗಳು ಮಹಿಳೆಯರಿಗೆ ಉಚಿತ. ಮಹಾರಾಷ್ಟ್ರದಲ್ಲಿ 2023ರ ಮಾರ್ಚ್‌ನಿಂದ ಅರ್ಧ ಟಿಕೆಟ್. ತೆಲಂಗಾಣದಲ್ಲಿ 2023ರ ಡಿಸೆಂಬರ್‌ನಿಂದ ಉಚಿತ, ಅಂದರೆ ನಮ್ಮ ಹೋಲಿಕೆಯ ವರ್ಷದ ನಟ್ಟನಡುವೆ. ಆಂಧ್ರಕ್ಕೆ ಬಂದದ್ದು 2025ರ ಆಗಸ್ಟ್‌ನಲ್ಲಿ. ಹಾಗಾಗಿ ನೆರೆಯ ದೊಡ್ಡ ರಾಜ್ಯಗಳಲ್ಲಿ ಆ ಅವಧಿಗೆ ಉಳಿಯುವುದು ಆಂಧ್ರ ಮತ್ತು ಕೇರಳ ಮಾತ್ರ. ಯಾವ ಅಲ್ಗಾರಿದಮ್ಮೂ ಈ ಪಟ್ಟಿಯನ್ನು ತಾನಾಗಿ ಮಾಡಿಕೊಡುವುದಿಲ್ಲ. ಸರ್ಕಾರಿ ಆದೇಶಗಳನ್ನು ಓದಿದವರಷ್ಟೇ ಮಾಡಬಲ್ಲರು.

ಇನ್ನು ಲ್ಯಾಬ್‌ನಲ್ಲಿ ಕಲಿಸುವ ಡಬಲ್ ಮಷೀನ್ ಲರ್ನಿಂಗ್. 2018ರಲ್ಲಿ ಚೆರ್ನೊಝುಕೋವ್ ಮತ್ತು ಸಂಗಡಿಗರು ಕೊಟ್ಟ ವಿಧಾನ ಇದು. ಹಂತಗಳು ಸರಳ. ವಯಸ್ಸು, ಶಿಕ್ಷಣ, ಕುಟುಂಬದ ಗಾತ್ರದಂಥ ಹಿನ್ನೆಲೆಯಿಂದ ಫಲವನ್ನು (ಇಲ್ಲಿ, ಕೆಲಸಕ್ಕೆ ಹೋಗುತ್ತಾರೋ ಇಲ್ಲವೋ) ಊಹಿಸಿ. ಅದೇ ಹಿನ್ನೆಲೆಯಿಂದ ಯೋಜನೆ ಸಿಕ್ಕಿತೋ ಇಲ್ಲವೋ ಎಂಬುದನ್ನೂ ಊಹಿಸಿ. ಎರಡೂ ಊಹೆಗಳಲ್ಲಿ ಉಳಿದ ಶೇಷವನ್ನು (ನಿಜಕ್ಕೂ ಊಹೆಗೂ ಇರುವ ಅಂತರ) ಒಂದರ ಮೇಲೊಂದು ಇಟ್ಟು ಸಾದಾ ರಿಗ್ರೆಶನ್, ಅಂದರೆ ಸಂಬಂಧ ಅಳೆಯುವ ಲೆಕ್ಕ, ಮಾಡಿ. ಡೇಟಾವನ್ನು 5 ಪಾಲು ಮಾಡಿ, ಪ್ರತಿ ಪಾಲಿನ ಶೇಷವನ್ನು ಉಳಿದ ನಾಲ್ಕರಲ್ಲಿ ಕಲಿತ ಮಾಡೆಲ್‌ನಿಂದ ತೆಗೆಯಬೇಕು. ಇಲ್ಲೂ ಪಾಲು ಎಫ್‌ಎಸ್‌ಯು ಪ್ರಕಾರವೇ. ಪಾಲು ಬಿದ್ದ ಅದೃಷ್ಟದಿಂದ ಉತ್ತರ ಅಲುಗಾಡುವುದರಿಂದ ಬೇರೆಬೇರೆ ಸೀಡ್‌ನಲ್ಲಿ (ಪಾಲು ಹೇಗೆ ಬೀಳಬೇಕೆಂದು ನಿರ್ಧರಿಸುವ ಆರಂಭದ ಸಂಖ್ಯೆ) ಇಪ್ಪತ್ತು ಸಲ ಓಡಿಸಿ ನಡುವಿನ ಬೆಲೆ ತೆಗೆದುಕೊಳ್ಳುವುದು ವಾಡಿಕೆ.

ಇದನ್ನು ಶಕ್ತಿ ಯೋಜನೆಗೆ ಹಾಗೇ ಹಚ್ಚಿದರೆ ವಿಚಿತ್ರ ನಡೆಯುತ್ತದೆ. ‘ಯೋಜನೆ ಸಿಕ್ಕವರು’ ಎಂದರೆ ಮಹಿಳೆ, ಕರ್ನಾಟಕ, 2023-24. ಹಿನ್ನೆಲೆಯ ಕಲಂಗಳಲ್ಲಿ ಲಿಂಗ, ರಾಜ್ಯ, ವರ್ಷ ಮೂರೂ ಇದ್ದರೆ ಫಾರೆಸ್ಟ್ ಎರಡನೆಯ ಊಹೆಯನ್ನು ನೂರಕ್ಕೆ ನೂರು ಸರಿ ಹೇಳುತ್ತದೆ, ಶೇಷ ಸೊನ್ನೆಯಾಗುತ್ತದೆ. ಸೊನ್ನೆಯ ಹತ್ತಿರದ ಸಂಖ್ಯೆಯಿಂದ ಭಾಗಿಸಿದ ಉತ್ತರ ಆಕಾಶಕ್ಕೆ ಹಾರುತ್ತದೆ, ಇಲ್ಲವೇ ಸೀಡ್ ಬದಲಿಸಿದಂತೆಲ್ಲ ಚಿಹ್ನೆ ಬದಲಿಸುತ್ತದೆ. ಆದ್ದರಿಂದ ಎರಡೂ ಊಹೆಗಳ ಆರ್-ಸ್ಕ್ವೇರ್ (ಊಹೆ ಎಷ್ಟು ಹೊಂದಿತು ಎಂಬ ಅಳತೆ, ಪೂರ್ತಿ ಹೊಂದಿದರೆ 1) ವರದಿ ಮಾಡುವುದು ಕಡ್ಡಾಯವಾಗಬೇಕು. ಎರಡನೆಯದು 1ರ ಹತ್ತಿರ ಬಂದರೆ ಅಲ್ಲಿಗೆ ನಿಲ್ಲಿಸಬೇಕು. ಸರಿಯಾದ ದಾರಿ ಡಿಫರೆನ್ಸ್-ಇನ್-ಡಿಫರೆನ್ಸಸ್‌ನ (ಯೋಜನೆ ಬಂದ ರಾಜ್ಯದ ಮುಂಚೆ-ನಂತರದ ವ್ಯತ್ಯಾಸದಿಂದ ಬಾರದ ರಾಜ್ಯದ ವ್ಯತ್ಯಾಸ ಕಳೆಯುವ ಲೆಕ್ಕ) ಚೌಕಟ್ಟು ಉಳಿಸಿಕೊಂಡು, ವ್ಯಕ್ತಿಯ ಗುಣಗಳಿಂದಷ್ಟೇ ‘ಕರ್ನಾಟಕದವರೋ ಅಲ್ಲವೋ’ ಎಂಬ ಸಂಭಾವ್ಯತೆ ಕಲಿಸಿ, ಹೋಲಿಕೆಯ ರಾಜ್ಯದವರಿಗೆ ತೂಕ ಕೊಡುವುದು. ಆಗ ರಾಜ್ಯದ ಕೋಡ್ ಮಾತ್ರವಲ್ಲ, ರಾಜ್ಯವನ್ನು ಬಯಲು ಮಾಡುವ ಯಾವ ಕಲಮ್ಮೂ ಇರಬಾರದು. ಎನ್‌ಎಸ್‌ಎಸ್ ಪ್ರದೇಶದ ಮೂರಂಕಿಯ ಕೋಡಿನಲ್ಲಿ ಮೊದಲ ಎರಡಂಕಿ ರಾಜ್ಯದ್ದೇ ಎಂಬುದನ್ನು ಮರೆತವರು ಕಡಿಮೆಯಿಲ್ಲ. ಸಂಭಾವ್ಯತೆ 0.05ಕ್ಕಿಂತ ಕೆಳಗೆ, 0.95ಕ್ಕಿಂತ ಮೇಲೆ ಬಂದವರನ್ನು ಬಿಟ್ಟರೆ ಎಷ್ಟು ಸಾಲು ಬಿಟ್ಟಿರಿ ಎಂದು ಬರೆಯಬೇಕು.

ಮೂರನೆಯ ಹಳ್ಳ ಮನೆಯ ತಿಂಗಳ ಖರ್ಚಿನ ಕಲಂ. ಹಿನ್ನೆಲೆ ಎಂದು ಅದನ್ನು ಸೇರಿಸಲು ಎಲ್ಲರ ಕೈಯೂ ತುರಿಸುತ್ತದೆ. ಆದರೆ ಟಿಕೆಟ್ ಹಣ ಉಳಿದು, ಸಂಬಳ ಬಂದು ಖರ್ಚು ಹೆಚ್ಚಿದ್ದರೆ ಅದು ಯೋಜನೆಯ ಫಲವೇ. ಅದನ್ನು ಹಿಡಿದಿಟ್ಟು ಲೆಕ್ಕ ಹಾಕಿದರೆ ಫಲದ ಒಂದು ಪಾಲನ್ನು ನಾವೇ ಅಳಿಸಿದಂತೆ. ಯಂತ್ರಕ್ಕೆ ಕಲಂನ ಹಿಂದುಮುಂದು ಗೊತ್ತಾಗದು, ಊಹೆಗೆ ನೆರವಾದರೆ ಸಾಕು ಅದಕ್ಕೆ.

ಇಷ್ಟೆಲ್ಲ ಸರಿಮಾಡಿದ ಮೇಲೂ ದೊಡ್ಡ ತೊಡಕು ಹಾಗೇ ಕೂತಿದೆ. 2023ರ ಜುಲೈಯಲ್ಲೇ ಗೃಹಜ್ಯೋತಿ ಮತ್ತು ಅನ್ನಭಾಗ್ಯದ ನಗದು, ಆಗಸ್ಟ್ ಕೊನೆಗೆ ಯಜಮಾನಿಯ ಖಾತೆಗೆ 2,000 ರೂಪಾಯಿಯ ಗೃಹಲಕ್ಷ್ಮಿ. ಒಂದೇ ರಾಜ್ಯ, ಒಂದೇ ವರ್ಷ, ನಾಲ್ಕು ಯೋಜನೆ. ಗಂಡಸರೊಡನೆ ಹೋಲಿಸಿ ಮೂರನೆಯ ವ್ಯತ್ಯಾಸ ತೆಗೆದರೂ ಗೃಹಲಕ್ಷ್ಮಿಯೂ ಹೆಂಗಸರಿಗೇ ಸೇರಿದ್ದು. ಜೊತೆಗೆ ಯೋಜನೆ ಜಾರಿಯಾದ ರಾಜ್ಯ ಒಂದೇ ಆದ್ದರಿಂದ ಕಂಪ್ಯೂಟರ್ ಕೊಡುವ ಸ್ಟ್ಯಾಂಡರ್ಡ್ ಎರರ್ (ಅಂದಾಜು ಎಷ್ಟು ಅಲುಗಾಡಬಹುದು ಎಂಬ ಅಳತೆ) ನಂಬುವಂಥದ್ದಲ್ಲ. ಮಾಡಬಹುದಾದ ಪರೀಕ್ಷೆ ಪ್ಲಾಸಿಬೋ: ಇದೇ ಕೋಡನ್ನು ಒಡಿಶಾಕ್ಕೋ ಗುಜರಾತಿಗೋ ಯೋಜನೆ ಬಂದಿದೆ ಎಂದು ಸುಳ್ಳು ಹೇಳಿ ಓಡಿಸುವುದು, 2022ರಲ್ಲೇ ಕರ್ನಾಟಕಕ್ಕೆ ಬಂದಿತ್ತೆಂದು ಓಡಿಸುವುದು. ನಿಜವಾದ ಅಂಕಿ ಈ ಸುಳ್ಳು ಅಂಕಿಗಳ ಗುಂಪಿನೊಳಗೇ ಬಿದ್ದರೆ ಹೇಳಲು ಏನೂ ಇಲ್ಲ. 2025ರ ಡೇಟಾ ಸೇರಿಸಿ ಗಟ್ಟಿ ಮಾಡೋಣವೆಂದರೆ, ಆ ಜನವರಿಯಿಂದ ಸಮೀಕ್ಷೆಯ ವಿನ್ಯಾಸವೇ ಬದಲಾಗಿದೆ: ಎಫ್‌ಎಸ್‌ಯುಗೆ 8ರ ಬದಲು 12 ಕುಟುಂಬ, ತಿಂಗಳ ಅಂದಾಜು, ಜನವರಿಯಿಂದ ಡಿಸೆಂಬರ್‌ಗೆ ವರ್ಷ.

ಆರಿಸುವ ಯಂತ್ರ, ಓದುವ ಯಂತ್ರ

ಯಾರಿಗೆ ಸೌಲಭ್ಯ ಸಿಗಬೇಕೆಂದು ಆರಿಸುವುದು ಕೊಡೆಯ ಜಾತಿಯ ಪ್ರಶ್ನೆಯೇ, ಆದರೆ ತಪ್ಪಿದರೆ ನೆನೆಯುವವರು ಬೇರೆಯವರು. ಒಂದು ಲೆಕ್ಕ ಬೋರ್ಡಿನ ಮೇಲೆ ಬರೆಯಲೇಬೇಕು. 1,000 ಬಿಪಿಎಲ್ ಕಾರ್ಡಿನಲ್ಲಿ 50 ಅನರ್ಹ ಎನ್ನೋಣ. ಅನರ್ಹರಲ್ಲಿ ನೂರಕ್ಕೆ 90ನ್ನು ಹಿಡಿಯುವ, ಅರ್ಹರಲ್ಲಿ ನೂರಕ್ಕೆ 90ನ್ನು ಸರಿಯಾಗಿ ಬಿಡುವ ಮಾಡೆಲ್ ತಂದರೆ 45 ಅನರ್ಹರ ಜೊತೆ 95 ಅರ್ಹರ ಕಾರ್ಡನ್ನೂ ಅನುಮಾನದ ಪಟ್ಟಿಗೆ ಹಾಕುತ್ತದೆ. ಪಟ್ಟಿಯಲ್ಲಿರುವ ಮೂವರಲ್ಲಿ ಇಬ್ಬರು ನಿರಪರಾಧಿಗಳು. ತೆಲಂಗಾಣದಲ್ಲಿ ಕಂಪ್ಯೂಟರ್ ವಿಶ್ಲೇಷಣೆಯ ಮೇಲೆ ರದ್ದಾದ ಪಡಿತರ ಕಾರ್ಡುಗಳನ್ನು ಸ್ಥಳಕ್ಕೇ ಹೋಗಿ ಮತ್ತೆ ಪರಿಶೀಲಿಸುವಂತೆ ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಬೇಕಾಯಿತು. ಹಿಂದೆ ಅಧಿಕಾರಿಗಳು ಕೊಟ್ಟ ತೀರ್ಮಾನವನ್ನೇ ಸರಿಯುತ್ತರವೆಂದು ಕಲಿಸಿದರೆ ಅವರ ತಪ್ಪುಗಳನ್ನೂ ಯಂತ್ರ ನಿಷ್ಠೆಯಿಂದ ಕಲಿಯುತ್ತದೆ.

ಚಾಟ್‌ಜಿಪಿಟಿಯಂಥ ದೊಡ್ಡ ಭಾಷಾ ಮಾಡೆಲ್‌ಗಳ ಬಗ್ಗೆ ಎರಡು ಮಾತು ಸಾಕು. ‘ಗಾರೆ ಕೆಲಸ’, ‘ಬೀಡಿ ಕಟ್ಟೋದು’, ‘ಹಮಾಲಿ’ ಎಂದು ಬರೆದುಕೊಂಡದ್ದನ್ನು ರಾಷ್ಟ್ರೀಯ ಉದ್ಯೋಗ ವರ್ಗೀಕರಣದ ಕೋಡಿಗೆ ಹಾಕುವ ಕೆಲಸಕ್ಕೆ ಅವು ಉಪಯುಕ್ತ. ಆದರೆ ಮೊದಲು ಚೀಟಿ ಎತ್ತಿದಂತೆ ಆರಿಸಿದ 500 ಸಾಲುಗಳಿಗೆ ಇಬ್ಬರು ಮನುಷ್ಯರು ಪರಸ್ಪರ ನೋಡದೆ ಕೋಡ್ ಹಾಕಬೇಕು. ಅವರಿಬ್ಬರೇ ಎಷ್ಟು ಒಪ್ಪುತ್ತಾರೆ ಎಂಬುದು ಗೊತ್ತಿಲ್ಲದೆ ಯಂತ್ರದ ಅಂಕ ಅರ್ಥಹೀನ. ಯಂತ್ರ ಹಾಕಿದ ಕೋಡನ್ನು ರಿಗ್ರೆಶನ್‌ನಲ್ಲಿ ಬಳಸಿದರೆ ಅದರ ತಪ್ಪು ಅಂದಾಜನ್ನೂ ಓರೆ ಮಾಡುತ್ತದೆ, ಆ 500 ಸಾಲು ಆಗ ತಿದ್ದಲು ಬೇಕಾಗುತ್ತದೆ. ಇನ್ನು 2022ರ ಸುದ್ದಿ ಓದಿಸಿ 2023ರ ಟೊಮೆಟೊ ದರ ಹೇಳಿಸುವ ಪ್ರಾಜೆಕ್ಟ್‌ಗೆ ಅನುಮತಿ ಕೊಡಬಾರದು. 2023ರ ಪತ್ರಿಕೆಗಳನ್ನು ಆ ಮಾಡೆಲ್ ಆಗಲೇ ಓದಿ ಮುಗಿಸಿರುತ್ತದೆ.

ಯಂತ್ರ, ಕಾಸು, ಅಂಕ

ಲ್ಯಾಬ್ ಎಂದಾಕ್ಷಣ ಜಿಪಿಯು (ಭಾರೀ ಲೆಕ್ಕಕ್ಕೆ ಬಳಸುವ ದುಬಾರಿ ಚಿಪ್) ಕೊಳ್ಳುವ ಪ್ರಸ್ತಾವ ಮೇಲೇಳುತ್ತದೆ. ಈ ಪಠ್ಯದ ಮುಕ್ಕಾಲು ಪಾಲಿಗೆ ಅದು ಬೇಡ. ನಾಲ್ಕು ಲಕ್ಷ ಸಾಲಿನ ಡೇಟಾದ ಮೇಲೆ ಗ್ರೇಡಿಯೆಂಟ್ ಬೂಸ್ಟಿಂಗ್ 16 ಜಿಬಿ ರ್ಯಾಮ್‌ನ ಸಾಮಾನ್ಯ ಕಂಪ್ಯೂಟರಿನಲ್ಲಿ ನಿಮಿಷಗಳ ಮಾತು. ಚಿತ್ರ, ಪಠ್ಯದ ಕೆಲಸಕ್ಕೆ ಒಂದೆರಡು ಯಂತ್ರ ಹಂಚಿಕೊಂಡರೆ ಸಾಕು. ಆರ್ ಮತ್ತು ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಗಳೆರಡರಲ್ಲೂ ಡಬಲ್‌ಎಂಎಲ್ ಪ್ಯಾಕೇಜ್ ಪುಕ್ಕಟೆ ಸಿಗುತ್ತದೆ, ಫಲ ಯಾರ್ಯಾರಿಗೆ ಎಷ್ಟೆಂದು ಅಳೆಯುವ ಕಾಸಲ್ ಫಾರೆಸ್ಟ್‌ಗೆ ಆರ್‌ನ ಜಿಆರ್‌ಎಫ್ ಇದೆ. ಸ್ಟೇಟಾ ಎಂಬ ಸಂಖ್ಯಾಶಾಸ್ತ್ರದ ತಂತ್ರಾಂಶ ಬಿಡಲಾಗದ ಪ್ರಾಧ್ಯಾಪಕರಿಗೆ ಅದರ 16ನೇ ಆವೃತ್ತಿಯಿಂದ ಬೇಕಾದ ಕಲಂಗಳನ್ನಷ್ಟೇ ಆರಿಸಿಕೊಳ್ಳುವ ಲ್ಯಾಸೋ ಇದೆ. ಉಳಿದ ಕಾಸನ್ನು ಕೋಡ್ ಓದಿ ತಿದ್ದಿಕೊಡುವ ಸಹಾಯಕರಿಗೆ ಕೊಡುವುದು ಮೇಲು. ಮೂವತ್ತು ವಿದ್ಯಾರ್ಥಿಗಳಿಗೆ ಇಬ್ಬರಾದರೂ ಬೇಕು, ಯಾಕೆಂದರೆ ಲೇಔಟ್‌ನ ಒಂದಕ್ಷರದ ತಪ್ಪು ಹುಡುಕುವುದು ಪ್ರಾಧ್ಯಾಪಕರೊಬ್ಬರಿಂದ ಆಗುವ ಕೆಲಸವಲ್ಲ.

16 ವಾರದ ಸೆಮಿಸ್ಟರ್ ಆದರೆ ಡೇಟಾ ಮತ್ತು ಕೋಷ್ಟಕ ಹೊಂದಿಸುವುದಕ್ಕೆ 5, ಅಲ್ಗಾರಿದಂಗೆ 2, ಪಾಲು ಮತ್ತು ಮುನ್ಸೂಚನೆಗೆ 3, ಕಾರಣದ ಪ್ರಶ್ನೆಗೆ 4, ಪಠ್ಯ ಹಾಗೂ ಚಿತ್ರಕ್ಕೆ ಉಳಿದ 2. ವಿದ್ಯಾರ್ಥಿಗಳು ತಾವೇ ಸಮೀಕ್ಷೆ ಮಾಡಿ ತಂದ ಡೇಟಾ ಆದರೆ ಹೆಸರು, ಮೊಬೈಲ್ ನಂಬರ್ ಬೇರೆ ಫೈಲಿನಲ್ಲಿ, ಬೇರೆ ಬೀಗದಲ್ಲಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಸಂಶೋಧನೆಗೆ ವಿನಾಯಿತಿ ಕೊಡುತ್ತದೆ ನಿಜ, ಆದರೆ ನಿಗದಿಪಡಿಸಿದ ಮಾನದಂಡ ಪಾಲಿಸಬೇಕು, ಆ ಡೇಟಾದಿಂದ ನಿರ್ದಿಷ್ಟ ವ್ಯಕ್ತಿಯ ಬಗ್ಗೆ ಯಾವ ತೀರ್ಮಾನವನ್ನೂ ತೆಗೆದುಕೊಳ್ಳುವಂತಿಲ್ಲ.

ಅಂಕ ಹಂಚುವಾಗ ಮಾಡೆಲ್‌ನ ನಿಖರತೆಗೆ ಅಂಕವೇ ಇಡದಿರುವುದು ಒಳ್ಳೆಯದು. ವರದಿಯ ಕೋಷ್ಟಕ ಹೊಂದಿಸಿದ್ದಕ್ಕೆ ಒಂದು ಪಾಲು. ಹೇಗೆ ಪಾಲು ಮಾಡಿದಿರಿ, ಎಲ್ಲಿ ಸೋರಬಹುದಿತ್ತು ಎಂಬ ಒಂದು ಪುಟದ ಟಿಪ್ಪಣಿಗೆ ಒಂದು ಪಾಲು. ಬೇರೊಬ್ಬ ವಿದ್ಯಾರ್ಥಿ ತನ್ನ ಕಂಪ್ಯೂಟರಿನಲ್ಲಿ ಅದೇ ಕೋಡ್ ಓಡಿಸಿ ಅದೇ ಅಂಕಿ ಪಡೆದರೆ ಒಂದು ಪಾಲು. ಶಕ್ತಿ ಯೋಜನೆಯ ಅಸೈನ್‌ಮೆಂಟ್‌ಗೆ ‘ಈ ಡೇಟಾದಿಂದ ಹೇಳಲಾಗದು’ ಎಂದು ಬರೆದವರಿಗೂ, ಪ್ಲಾಸಿಬೋ ಪಟ್ಟಿ ಲಗತ್ತಿಸಿದ್ದರೆ, ಪೂರ್ತಿ ಅಂಕ ಕೊಡಬೇಕು.